ಅಪ್‌ಡೇಟ್ ನಿಂತ ಕಂಪ್ಯೂಟರಿಗೆ ಕನ್ನ

ವಿಂಡೋಸ್ 11 ಬಗ್ಗೆ ಬಳಕೆದಾರರು ವಾದಕ್ಕೆ ಕೂತರೆ ಮೊದಲು ಬರುವುದು ಸ್ಟಾರ್ಟ್ ಬಟನ್ನಿನ ವಿಚಾರ. 1995ರಿಂದ ಎಡ ಮೂಲೆಯಲ್ಲಿದ್ದದ್ದನ್ನು ಯಾರನ್ನು ಕೇಳಿ ನಡುವಿಗೆ ತಂದಿರಿ ಎಂಬ ಸಿಟ್ಟು. ಆಮೇಲೆ ಒಂದೊಂದೇ ದೂರು ಹೊರಬರುತ್ತದೆ. ಟಾಸ್ಕ್‌ಬಾರನ್ನು ಪಕ್ಕಕ್ಕೆ ಸರಿಸುವ ಅನುಕೂಲವನ್ನು ಕಿತ್ತುಹಾಕಿದರು. ರೈಟ್ ಕ್ಲಿಕ್ ಮಾಡಿದರೆ ಅರ್ಧ ಮೆನು, ಇನ್ನರ್ಧಕ್ಕೆ ಮತ್ತೊಂದು ಕ್ಲಿಕ್. ಹೊಸ ಯಂತ್ರ ಶುರು ಮಾಡಬೇಕಾದರೆ ಮೈಕ್ರೋಸಾಫ್ಟ್ ಖಾತೆ ಬೇಕು. ದುಡ್ಡು ಕೊಟ್ಟು ತಂದ ಸಿಸ್ಟಮ್ಮಿನ ಸ್ಟಾರ್ಟ್ ಮೆನುವಿನೊಳಗೇ ‘ಶಿಫಾರಸು’ ಎಂಬ ಹೆಸರಿನಲ್ಲಿ ಜಾಹೀರಾತು. 2024ರ ಮೇ ತಿಂಗಳಲ್ಲಿ ‘ರಿಕಾಲ್’ ಘೋಷಣೆಯಾದಾಗ ಸಿಟ್ಟು ಭಯಕ್ಕೆ ತಿರುಗಿತು. ಪರದೆಯ ಮೇಲೆ ಕಂಡದ್ದನ್ನೆಲ್ಲ ಕೆಲವು ಸೆಕೆಂಡಿಗೊಮ್ಮೆ ಚಿತ್ರ ತೆಗೆದಿಟ್ಟುಕೊಳ್ಳುವ ಸೌಲಭ್ಯ ಅದು. ಆ ಸಂಗ್ರಹವನ್ನು ಎಷ್ಟು ಸಲೀಸಾಗಿ ಕದಿಯಬಹುದು ಎಂದು ಭದ್ರತಾ ತಜ್ಞರು ತೋರಿಸಿಕೊಟ್ಟ ಮೇಲೆ ಕಂಪನಿ ಹಿಂದೆ ಸರಿಯಿತು. ಬೇಕೆಂದವರು ಮಾತ್ರ ಚಾಲೂ ಮಾಡಿಕೊಳ್ಳುವಂತೆ ತಿದ್ದಿ 2025ರ ಏಪ್ರಿಲ್‌ನಲ್ಲಿ ಬಿಡುಗಡೆ ಮಾಡಿತು.

ಹೊಗಳುವವರ ಪಟ್ಟಿಯೂ ಸಣ್ಣದಲ್ಲ. ಕಿಟಕಿಗಳನ್ನು ಅಕ್ಕಪಕ್ಕ ಜೋಡಿಸುವುದು ಸುಲಭವಾಗಿದೆ, ಫೈಲ್ ಎಕ್ಸ್‌ಪ್ಲೋರರಿಗೆ ಟ್ಯಾಬ್ ಬಂದಿದೆ, ಎಲ್ಲಕ್ಕಿಂತ ಮುಖ್ಯವಾಗಿ ಭದ್ರತೆ ಗಟ್ಟಿಯಾಗಿದೆ ಎನ್ನುತ್ತಾರೆ. ಅದೂ ನಿಜ. ಟಿಪಿಎಂ 2.0 ಎಂಬ ಚಿಪ್, ಸೆಕ್ಯೂರ್ ಬೂಟ್, ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೇ ತಲೆಮಾರಿನ ಪ್ರೊಸೆಸರ್ ಇದ್ದರೆ ಮಾತ್ರ ಒಳಗೆ ಬಿಡುತ್ತೇವೆ ಎಂದು ಕಂಪನಿ ಹಟ ಹಿಡಿದದ್ದು ಈ ಭದ್ರತೆಯ ಹೆಸರಿನಲ್ಲೇ. ಎರಡೂ ಕಡೆಯವರ ಮಾತಿನಲ್ಲಿ ಹುರುಳಿದೆ. ನನ್ನ ತಕರಾರು ಬೇರೆ. ಹೊಸದು ಚೆನ್ನಾಗಿದೆಯೋ ಇಲ್ಲವೋ ಎಂಬ ಈ ವಾದದಲ್ಲಿ, ಅದನ್ನು ಹಾಕಿಕೊಳ್ಳಲಾಗದೆ, ಹಾಕಿಕೊಳ್ಳದೆ ಹಿಂದೆ ಉಳಿದವರ ಗತಿ ಏನು ಎಂಬ ಪ್ರಶ್ನೆ ಮುಚ್ಚಿಹೋಗಿದೆ. ಪೆಟ್ಟು ಬೀಳಲಿರುವುದು ಅವರಿಗೆ.

2015ರ ಜುಲೈ 29ರಂದು ಬಂದ ವಿಂಡೋಸ್ 10ಗೆ 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಬೆಂಬಲ ನಿಲ್ಲಿಸಿತು. ಆ ಹೊತ್ತಿಗೂ ಸ್ಟ್ಯಾಟ್‌ಕೌಂಟರ್ ಲೆಕ್ಕದಲ್ಲಿ ಜಗತ್ತಿನ ವಿಂಡೋಸ್ ಕಂಪ್ಯೂಟರುಗಳ ಪೈಕಿ ಶೇ. 40ರಷ್ಟು ಅದರಲ್ಲೇ ಓಡುತ್ತಿದ್ದವು. ಬೆಂಬಲ ನಿಂತಿತೆಂದರೆ ಯಂತ್ರ ನಿಲ್ಲುವುದಿಲ್ಲ. ತೊಂದರೆ ಇರುವುದೇ ಅಲ್ಲಿ. ಮರುದಿನವೂ ಅದೇ ನೀಲಿ ಪರದೆ, ಲೆಕ್ಕ ಬರೆಯುವ ಅದೇ ಟ್ಯಾಲಿ, ಕನ್ನಡ ಟೈಪಿಸುವ ಅದೇ ನುಡಿ. ನಿಂತದ್ದು ಪ್ರತಿ ತಿಂಗಳ ಎರಡನೇ ಮಂಗಳವಾರ ಬರುತ್ತಿದ್ದ ಭದ್ರತಾ ಪ್ಯಾಚ್ ಮಾತ್ರ. ಬೇಕೆಂದವರಿಗೆ ಅದನ್ನು ಮುಂದುವರಿಸುವ ವ್ಯವಸ್ಥೆಯೊಂದಿದೆ, ಇಎಸ್‌ಯು ಎನ್ನುತ್ತಾರೆ. ಮನೆಬಳಕೆಯ ಯಂತ್ರಕ್ಕೆ 2026ರ ಅಕ್ಟೋಬರ್ 13ರವರೆಗೆ ಒಂದು ವರ್ಷ. ಸೆಟ್ಟಿಂಗುಗಳನ್ನು ಮೈಕ್ರೋಸಾಫ್ಟ್ ಖಾತೆಗೆ ಬ್ಯಾಕಪ್ ಮಾಡಲು ಒಪ್ಪಿದರೆ ಪುಕ್ಕಟೆ, ಇಲ್ಲವಾದರೆ 30 ಡಾಲರ್. ಸಂಸ್ಥೆಗಳಿಗೆ ಮೂರು ವರ್ಷದವರೆಗೆ ಸಿಗುತ್ತದೆ: ಮೊದಲ ವರ್ಷ ಯಂತ್ರವೊಂದಕ್ಕೆ 61 ಡಾಲರ್, ಆಮೇಲೆ ವರ್ಷವರ್ಷವೂ ದುಪ್ಪಟ್ಟು. ಶಿಕ್ಷಣ ಸಂಸ್ಥೆಗಳಿಗೆ ಮಾತ್ರ ಮೊದಲ ವರ್ಷ ಒಂದೇ ಡಾಲರ್.

ದುಡ್ಡು ಕೊಟ್ಟವರಿಗೆ 2028ರ ಅಕ್ಟೋಬರ್‌ವರೆಗೂ ವಿಂಡೋಸ್ 10ರ ಪ್ಯಾಚ್ ತಯಾರಾಗುತ್ತಲೇ ಇರುತ್ತದೆ. ಕೇಳಲು ಒಳ್ಳೆಯ ಸುದ್ದಿ. ಆದರೆ ಕೊಡದವರಿಗೆ ಇದಕ್ಕಿಂತ ಕೆಟ್ಟ ಸುದ್ದಿ ಇಲ್ಲ.

ಯಾಕೆಂದು ಬಿಡಿಸಿ ಹೇಳಬೇಕು. ಪ್ಯಾಚ್ ಎಂದರೆ ಬದಲಾದ ಕಡತ. ಹಳೆಯ ಕಡತವನ್ನೂ ಹೊಸ ಕಡತವನ್ನೂ ಪಕ್ಕಪಕ್ಕದಲ್ಲಿಟ್ಟು, ಯಾವ ಯಾವ ಫಂಕ್ಷನ್ ಬದಲಾಗಿದೆ ಎಂದು ತೋರಿಸುವ ಉಪಕರಣಗಳು ಎಷ್ಟೋ ವರ್ಷದಿಂದ ಇವೆ. ಒಂದು ಕಡೆ ಹೊಸದಾಗಿ ಉದ್ದ ಅಳೆಯುವ ಸಾಲೊಂದು ಸೇರಿಕೊಂಡಿದ್ದರೆ, ಹಿಂದೆ ಅಲ್ಲಿ ಉದ್ದ ಅಳೆಯುತ್ತಿರಲಿಲ್ಲ ಎಂದಾಯಿತು. ಅಳತೆ ಮೀರಿದ ದತ್ತಾಂಶವನ್ನು ಅಲ್ಲಿ ತುರುಕಬಹುದಿತ್ತು ಎಂದಾಯಿತು. ಲೋಪ ಎಲ್ಲಿತ್ತು, ಎಂಥದು ಎಂಬುದನ್ನು ರಿಪೇರಿಯೇ ಬಾಯಿಬಿಡುತ್ತದೆ. ಒಂದೇ ಮೇಸ್ತ್ರಿ ಒಂದೇ ನಕ್ಷೆಯಲ್ಲಿ ಎರಡು ಸಾಲು ಮನೆ ಕಟ್ಟಿ, ಮೊದಲ ಸಾಲಿನ ಹಿತ್ತಿಲ ಬಾಗಿಲಿಗಷ್ಟೇ ಹಗಲುಹೊತ್ತಿನಲ್ಲಿ ಹೊಸ ಚಿಲಕ ಹಾಕಿಸಿದರೆ, ಎರಡನೇ ಸಾಲಿನಲ್ಲಿ ಎಲ್ಲಿ ನುಗ್ಗಬೇಕೆಂದು ಕಳ್ಳನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಇದು ಊಹೆಯ ಮಾತಲ್ಲ. 2008ರಲ್ಲಿ ಡೇವಿಡ್ ಬ್ರಮ್ಲಿ, ಡಾನ್ ಸಾಂಗ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಬಂಧವೊಂದಿದೆ. ಮೈಕ್ರೋಸಾಫ್ಟಿನ ಐದು ಪ್ರೋಗ್ರಾಂಗಳ ಪ್ಯಾಚುಗಳನ್ನು ತೆಗೆದುಕೊಂಡು, ಅವುಗಳಿಂದಲೇ ದಾಳಿಯ ಕೋಡನ್ನು ಮನುಷ್ಯರ ನೆರವಿಲ್ಲದೆ ಕೆಲವೇ ನಿಮಿಷಗಳಲ್ಲಿ ಹುಟ್ಟಿಸಬಹುದು ಎಂದು ಅವರು ಮಾಡಿ ತೋರಿಸಿದರು. ಎಐ ಕೋಡ್ ಓದುವ ಕಾಲಕ್ಕೆ ಎಷ್ಟೋ ಮುಂಚಿನ ಸಂಗತಿ ಇದು. 2017ರಲ್ಲಿ ಗೂಗಲ್‌ನ ಪ್ರಾಜೆಕ್ಟ್ ಜೀರೋ ತಂಡದ ಮಾತೆಯುಷ್ ಯುರ್ಚಿಕ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಅವರು ಪ್ಯಾಚನ್ನು ಮುಟ್ಟಲೇ ಇಲ್ಲ. ವಿಂಡೋಸ್ 10ರ ಕರ್ನಲ್ಲನ್ನು, ಅಂದರೆ ಸಿಸ್ಟಮ್ಮಿನ ತಿರುಳನ್ನು, ವಿಂಡೋಸ್ 7ರ ಕರ್ನಲ್ಲಿನ ಪಕ್ಕದಲ್ಲಿಟ್ಟು, ಹೊಸದರಲ್ಲಿ ಮೆಮೊರಿ ಶುಚಿಗೊಳಿಸುವ ಸಾಲು ಎಲ್ಲೆಲ್ಲಿ ಹೆಚ್ಚಾಗಿ ಸೇರಿದೆ ಎಂದು ಹುಡುಕಿದರು. ಅದರಿಂದಲೇ ಹಳೆಯ ವಿಂಡೋಸ್‌ನ ಜೀವಂತ ಲೋಪಗಳು ಸಿಕ್ಕಿದವು. ಆಗಿನ್ನೂ ವಿಂಡೋಸ್ 7ಗೆ ಬೆಂಬಲ ಇತ್ತು, ಹಾಗಾಗಿ ಅವರು ವರದಿ ಮಾಡಿದರು, ಕಂಪನಿ ಮುಚ್ಚಿತು. ಈಗ ಯಾರಾದರೂ ಅದೇ ಕೆಲಸವನ್ನು 11 ಮತ್ತು 10ರ ನಡುವೆ ಮಾಡಿದರೆ, ಇಎಸ್‌ಯು ಇಲ್ಲದ ಯಂತ್ರಕ್ಕೆ ಆ ಮುಚ್ಚುವ ಭಾಗ್ಯ ಇಲ್ಲ. ಅಷ್ಟೇಕೆ, ಎರಡು ಬೇರೆ ವಿಂಡೋಸ್‌ಗಳನ್ನು ಹೋಲಿಸುವ ತಾಪತ್ರಯವೇ ಬೇಡ. ಇಎಸ್‌ಯುಗಾಗಿ ವಿಂಡೋಸ್ 10ರದೇ ಪ್ಯಾಚ್ ತಿಂಗಳಿಗೊಮ್ಮೆ ಹೊರಬೀಳುತ್ತದೆ. ಮೂರು ವರ್ಷಕ್ಕೆ 36 ಕಂತು.

ಕಾಯಬೇಕಾಗಿಯೂ ಬರಲಿಲ್ಲ. ಬೆಂಬಲ ನಿಂತ ಮೇಲಿನ ಮೊದಲ ಪ್ಯಾಚ್ ದಿನ, 2025ರ ನವೆಂಬರ್ 11ರಂದು, ಮೈಕ್ರೋಸಾಫ್ಟ್ ಮುಚ್ಚಿದ ಲೋಪಗಳಲ್ಲಿ ವಿಂಡೋಸ್ ಕರ್ನಲ್ಲಿನದೂ ಒಂದಿತ್ತು. ಯಂತ್ರದೊಳಗೆ ಹೇಗೋ ಕಾಲಿಟ್ಟವನು ಪೂರ್ತಿ ಯಜಮಾನಿಕೆ ಪಡೆಯಲು ನೆರವಾಗುವ ಲೋಪ ಅದು. ಪ್ಯಾಚ್ ಬರುವ ಮೊದಲೇ ಅದನ್ನು ಬಳಸಿ ದಾಳಿ ನಡೆದಿತ್ತೆಂದು ಕಂಪನಿಯೇ ಹೇಳಿತು. ಇಎಸ್‌ಯುಗೆ ಹೆಸರು ಕೊಟ್ಟಿದ್ದ ವಿಂಡೋಸ್ 10 ಯಂತ್ರಗಳಿಗೆ ರಿಪೇರಿ ತಲುಪಿತು. ಉಳಿದವು ಅದಕ್ಕೆ ಸೇರದಿದ್ದರೆ ಆ ಲೋಪ ಅವುಗಳಲ್ಲಿ ಶಾಶ್ವತ.

ಪ್ಯಾಚ್ ಮತ್ತು ದಾಳಿಯ ನಡುವಿನ ಓಟಕ್ಕೆ ಹೆಸರಾದ ಉದಾಹರಣೆ ವಾನಾಕ್ರೈ, ಕಡತಗಳಿಗೆ ಬೀಗ ಹಾಕಿ ದುಡ್ಡು ಕೇಳುವ ಹುಳ. ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆ ಗುಟ್ಟಾಗಿ ಇಟ್ಟುಕೊಂಡಿದ್ದ ‘ಎಟರ್ನಲ್‌ಬ್ಲೂ’ ಎಂಬ ಆಯುಧ ಸೋರಿಹೋಯಿತು. ಅದು ಬಳಸುತ್ತಿದ್ದ ಲೋಪಕ್ಕೆ ಮೈಕ್ರೋಸಾಫ್ಟ್ 2017ರ ಮಾರ್ಚ್ 14ರಂದೇ ಪ್ಯಾಚ್ ಕೊಟ್ಟಿತ್ತು. ಆ ಆಯುಧವನ್ನೇ ಬಳಸಿದ ವಾನಾಕ್ರೈ ದಾಳಿ ಶುರುವಾದದ್ದು ಮೇ 12ಕ್ಕೆ. ಎರಡು ತಿಂಗಳು ಸಮಯವಿದ್ದರೂ ಸುಮಾರು 150 ದೇಶಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳು ಬೀಗ ಹಾಕಿಸಿಕೊಂಡವು. ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆಯ 236 ಟ್ರಸ್ಟುಗಳಲ್ಲಿ ಕನಿಷ್ಠ 80ಕ್ಕೆ ಪೆಟ್ಟು ಬಿತ್ತು; 19,000ಕ್ಕೂ ಹೆಚ್ಚು ಅಪಾಯಿಂಟ್‌ಮೆಂಟುಗಳು ರದ್ದಾಗಿರಬೇಕು ಎಂಬ ಅಂದಾಜನ್ನು ಅಲ್ಲಿನ ರಾಷ್ಟ್ರೀಯ ಲೆಕ್ಕಪರಿಶೋಧಕರ ವರದಿ ದಾಖಲಿಸಿತು. ನಮ್ಮ ನೆರೆಯ ಆಂಧ್ರಪ್ರದೇಶದಲ್ಲಿ ಪೊಲೀಸ್ ಇಲಾಖೆಯ ಕೆಲವು ಕಂಪ್ಯೂಟರುಗಳು ಸಿಕ್ಕಿಬಿದ್ದವು.

ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಆಗಲೇ ಬೆಂಬಲ ಕಳೆದುಕೊಂಡಿದ್ದ ವಿಂಡೋಸ್ ಎಕ್ಸ್‌ಪಿಯ ಮೇಲೆ ತಪ್ಪು ಹೊರಿಸಿ ಮುಗಿಸುತ್ತಾರೆ. ಅದು ಸರಿಯಲ್ಲ. ಕ್ಯಾಸ್ಪರ್‌ಸ್ಕಿ ಕಂಪನಿಯ ಲೆಕ್ಕದಂತೆ ಬಲಿಯಾದವುಗಳಲ್ಲಿ ಬಹುಪಾಲು ವಿಂಡೋಸ್ 7 ಯಂತ್ರಗಳು. ಅಂದರೆ ಆಗ ಬೆಂಬಲ ಇದ್ದಂಥವೇ, ಪ್ಯಾಚ್ ಹಾಕಿಸಿಕೊಳ್ಳದೆ ಕೂತಿದ್ದಂಥವು. ಹುಳಕ್ಕೆ ನಿಮ್ಮ ವಿಂಡೋಸ್ ಹಳೆಯದೋ ಹೊಸದೋ ಎಂಬುದು ಬೇಕಿಲ್ಲ, ಆ ಒಂದು ಪ್ಯಾಚ್ ಇದೆಯೋ ಇಲ್ಲವೋ ಎಂಬುದಷ್ಟೇ ಬೇಕು. 2017ರಲ್ಲಿ ಅದು ಇಲ್ಲದಿದ್ದದ್ದು ಉದಾಸೀನದಿಂದ. ಈಗ ಕೋಟಿಗಟ್ಟಲೆ ಯಂತ್ರಗಳಿಗೆ ಅದು ಇಲ್ಲದಿರುವುದು ಏರ್ಪಾಟಿನಿಂದ.

ನಮ್ಮಲ್ಲಿ ಇಂಥ ಬದಲಾವಣೆ ಎಷ್ಟು ನಿಧಾನ ಎಂಬುದಕ್ಕೆ ಎಟಿಎಂಗಳೇ ಸಾಕ್ಷಿ. ಎಕ್ಸ್‌ಪಿಗೆ ಬೆಂಬಲ ನಿಂತದ್ದು 2014ರ ಏಪ್ರಿಲ್ 8ಕ್ಕೆ. ಎಟಿಎಂಗಳಿಂದ ಅದನ್ನು ತೆಗೆದುಹಾಕಲು ಗಡುವು ಹಾಕಿ ರಿಸರ್ವ್ ಬ್ಯಾಂಕ್ ಸುತ್ತೋಲೆ ಹೊರಡಿಸಿದ್ದು 2018ರ ಜೂನ್‌ನಲ್ಲಿ. ಕೊನೆಯ ಗಡುವು 2019ರ ಜೂನ್. ದುಡ್ಡಿನ ಯಂತ್ರದ ಪಾಡೇ ಇದಾದರೆ ಮಿಕ್ಕವುಗಳ ಗತಿ ಊಹಿಸಿಕೊಳ್ಳಿ. ಹೇಗೋ ಒಳಗೆ ನುಗ್ಗಿದವರು ಏನು ಮಾಡಬಲ್ಲರು ಎಂಬುದನ್ನು ದೆಹಲಿಯ ಏಮ್ಸ್ ಆಸ್ಪತ್ರೆ 2022ರ ನವೆಂಬರ್‌ನಲ್ಲಿ ಕಂಡಿತು. ಐದು ಸರ್ವರ್‌ಗಳ ಸುಮಾರು 1.3 ಟೆರಾಬೈಟ್ ದತ್ತಾಂಶಕ್ಕೆ ಬೀಗ ಬಿತ್ತು; ಹೊರರೋಗಿಗಳ ಚೀಟಿಯಿಂದ ಲ್ಯಾಬ್ ವರದಿಯವರೆಗೆ ಎಷ್ಟೋ ದಿನ ಕೈಬರಹದಲ್ಲೇ ನಡೆಯಿತು. ಅಲ್ಲಿ ಕಾರಣ ಬೇರೆ ಇತ್ತು, ನೆಟ್‌ವರ್ಕನ್ನು ಸರಿಯಾಗಿ ವಿಂಗಡಿಸಿರಲಿಲ್ಲ ಎಂದು ಸರ್ಕಾರ ಸಂಸತ್ತಿಗೆ ತಿಳಿಸಿತು. ನಮ್ಮ ಸಣ್ಣ ಕಚೇರಿಗಳಲ್ಲಿ ವಿಂಗಡಣೆ ಎಂಬ ಮಾತೇ ಇಲ್ಲ.

ಯಾವುದಾದರೂ ತಾಲ್ಲೂಕು ಕೇಂದ್ರದ ತೆರಿಗೆ ಸಲಹೆಗಾರರ ಕೋಣೆಗೆ ಹೋಗಿ ನೋಡಿ. ಎರಡು ಟೇಬಲ್, ಮೂರು ಕಂಪ್ಯೂಟರ್, ಎಲ್ಲಕ್ಕೂ ಒಂದೇ ವೈಫೈ ಡಬ್ಬ. ಬಂದ ಗಿರಾಕಿಯ ಮೊಬೈಲಿಗೂ ಅದೇ ಪಾಸ್‌ವರ್ಡ್. ನಡುವಿನ ಯಂತ್ರದ ಡಿ ಡ್ರೈವ್ ಶೇರ್ ಆಗಿದೆ, ಅದರಲ್ಲೇ ಟ್ಯಾಲಿ ದತ್ತಾಂಶ. ಯುಎಸ್‌ಬಿಯಲ್ಲಿ ಡಿಜಿಟಲ್ ಸಹಿಯ ಡಾಂಗಲ್ ಬೆಳಗ್ಗೆ ಚುಚ್ಚಿದರೆ ರಾತ್ರಿಯವರೆಗೆ ಅಲ್ಲೇ, ಅದರ ಪಿನ್ ಮಾನಿಟರಿನ ಅಂಚಿಗೆ ಅಂಟಿಸಿದ ಹಳದಿ ಚೀಟಿಯಲ್ಲಿ. ವಿಂಡೋಸ್ 10 ಮುಗಿಯಿತು ಎಂಬ ಎಚ್ಚರಿಕೆ ಪರದೆ ತುಂಬ ಬಂದಾಗಲೆಲ್ಲ ‘ಆಮೇಲೆ ನೆನಪಿಸು’ ಒತ್ತಿ ಒತ್ತಿ ಕೆಲಸದ ಹುಡುಗನಿಗೆ ಅಭ್ಯಾಸವಾಗಿದೆ. ‘ನಮ್ಮತ್ರ ಕದಿಯೋಕೆ ಏನಿದೆ ಸಾರ್’ ಎನ್ನುತ್ತಾರೆ ಸಲಹೆಗಾರರು. ನೂರಾರು ಜನರ ಪ್ಯಾನ್, ಆಧಾರ್ ಪ್ರತಿ, ಬ್ಯಾಂಕ್ ಸ್ಟೇಟ್‌ಮೆಂಟ್, ಜಿಎಸ್‌ಟಿ ಪೋರ್ಟಲ್ಲಿನ ಪಾಸ್‌ವರ್ಡು ಎಲ್ಲ ಒಂದೇ ಫೋಲ್ಡರಿನಲ್ಲಿವೆ. ರಿಟರ್ನ್ ಸಲ್ಲಿಸುವ ಕೊನೆಯ ದಿನದ ಹಿಂದಿನ ರಾತ್ರಿ ಆ ಡಿ ಡ್ರೈವಿಗೆ ಬೀಗ ಬಿದ್ದರೆ, ಕೇಳಿದಷ್ಟು ದುಡ್ಡು ಕೊಡದೆ ಇನ್ನೇನು ಮಾಡಿಯಾರು?

ಪರವಾನಗಿಯ ವಿಷಯ ಬೇರೆ ಇದೆ. ಬಿಎಸ್‌ಎ ಸಂಸ್ಥೆಯ 2018ರ ಸಮೀಕ್ಷೆ ಭಾರತದ ಕಂಪ್ಯೂಟರುಗಳಲ್ಲಿ ಶೇ. 56ರಷ್ಟು ತಂತ್ರಾಂಶ ಪರವಾನಗಿ ಇಲ್ಲದ್ದು ಎಂದು ಅಂದಾಜಿಸಿತ್ತು. ತಂತ್ರಾಂಶ ಮಾರುವ ಕಂಪನಿಗಳದೇ ಒಕ್ಕೂಟದ ಲೆಕ್ಕ, ಸ್ವಲ್ಪ ಕಳೆದೇ ಓದಿ. ಹಾಗಿದ್ದರೂ, ಕ್ರ್ಯಾಕ್ ಹಾಕಿದ ಯಂತ್ರದಲ್ಲಿ ಅಪ್‌ಡೇಟನ್ನೇ ಬಂದ್ ಮಾಡಿ ಕೊಡುವ ರೂಢಿ ಎಲ್ಲರಿಗೂ ಗೊತ್ತಿರುವುದೇ.

ಇದಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಸೆಕೆಂಡ್ ಹ್ಯಾಂಡ್ ಮಾರುಕಟ್ಟೆ. ಬೆಂಗಳೂರಿನ ಕಂಪನಿಗಳು ಕೆಲವು ವರ್ಷ ಬಳಸಿ ಕೈಬಿಟ್ಟ ಡೆಸ್ಕ್‌ಟಾಪ್, ಲ್ಯಾಪ್‌ಟಾಪುಗಳು ಎಸ್.ಪಿ. ರೋಡಿನಂಥ ಕಡೆ ಒರೆಸಿ ಹೊಳಪು ಮಾಡಿಸಿಕೊಂಡು ಜಿಲ್ಲೆ ತಾಲ್ಲೂಕುಗಳಿಗೆ ಹೋಗುತ್ತವೆ. ಇದು ಒಳ್ಳೆಯ ವ್ಯಾಪಾರ. ಓದುವ ಮಕ್ಕಳ ಕೈಗೆ ಕಂಪ್ಯೂಟರ್ ಎಟುಕಿಸಿದ ವ್ಯಾಪಾರ. ಆದರೆ ಅಲ್ಲಿ ಸಿಗುವ ಪೆಟ್ಟಿಗೆಯ ಮೇಲಿನ ಅಂಕಿ ಓದಿ. ಕೋರ್ ಐ5-6500 ಎಂದಿದ್ದರೆ ಅಡ್ಡಗೆರೆಯ ಮುಂದಿನ 6 ತಲೆಮಾರಿನ ಸಂಖ್ಯೆ. 8ಕ್ಕಿಂತ ಕೆಳಗಿದ್ದರೆ ವಿಂಡೋಸ್ 11 ಅದನ್ನು ಒಪ್ಪುವುದಿಲ್ಲ. ಹಾಗಿದ್ದೂ ಅದರೊಳಗೆ ವಿಂಡೋಸ್ 11 ನಗುತ್ತಿರುತ್ತದೆ. ಇನ್‌ಸ್ಟಾಲ್ ಮಾಡುವಾಗ ಟಿಪಿಎಂ ಮತ್ತು ಪ್ರೊಸೆಸರ್ ತಪಾಸಣೆಯನ್ನು ಹಾರಿಸುವ ಪುಕ್ಕಟೆ ಉಪಕರಣಗಳಿವೆ, ಅಂಗಡಿಯವರಿಗೆ ಅದು ಅರ್ಧ ಗಂಟೆಯ ಕೆಲಸ. ಇಂಥ ಯಂತ್ರಗಳಿಗೆ ಅಪ್‌ಡೇಟಿನ ಹಕ್ಕಿಲ್ಲ ಎಂದು ಮೈಕ್ರೋಸಾಫ್ಟ್ ಲಿಖಿತವಾಗಿಯೇ ಹೇಳಿದೆ. ಸದ್ಯಕ್ಕೆ ತಿಂಗಳ ಪ್ಯಾಚ್ ಬರುತ್ತಿರಬಹುದು. ವರ್ಷಕ್ಕೊಮ್ಮೆ ಬರುವ ಹೊಸ ಆವೃತ್ತಿ ತಾನಾಗಿ ಬರುವುದಿಲ್ಲ. ಹೋಮ್ ಮತ್ತು ಪ್ರೊ ಮಾದರಿಗಳಲ್ಲಿ ಪ್ರತಿ ಆವೃತ್ತಿಗೂ ಎರಡೇ ವರ್ಷ ಆಯುಸ್ಸು. 23ಎಚ್2 ಎಂಬ ಆವೃತ್ತಿಗೆ 2025ರ ನವೆಂಬರ್ 11ರಂದೇ ಬೆಂಬಲ ಮುಗಿದಿದೆ. ಅದನ್ನು ಹಾಕಿಸಿಕೊಂಡು ಮನೆಗೆ ತಂದವರು ತಮ್ಮದು ‘ಲೆವೆನ್’ ಎಂಬ ನಿಶ್ಚಿಂತೆಯಲ್ಲಿದ್ದಾರೆ.

2026ರಲ್ಲಿ ಇನ್ನೊಂದು ಗಡಿಯಾರವೂ ಓಡುತ್ತಿದೆ, ಇದರ ಬಗ್ಗೆ ಚರ್ಚೆಯೇ ಇಲ್ಲ. ಯಂತ್ರ ಎದ್ದೇಳುವಾಗ ನಂಬಿಕಸ್ಥ ತಂತ್ರಾಂಶವೇ ಮೊದಲು ಓಡುವಂತೆ ನೋಡಿಕೊಳ್ಳುವ ಸೆಕ್ಯೂರ್ ಬೂಟ್, ಮೈಕ್ರೋಸಾಫ್ಟಿನ 2011ರ ಡಿಜಿಟಲ್ ಪ್ರಮಾಣಪತ್ರಗಳನ್ನು ಆಧರಿಸಿದೆ. ಅವುಗಳ ಅವಧಿ 2026ರ ಜೂನ್‌ನಿಂದ ಮುಗಿಯತೊಡಗುತ್ತದೆ, ವಿಂಡೋಸ್ ಬೂಟ್ ಮ್ಯಾನೇಜರಿಗೆ ಸಹಿ ಹಾಕುವುದರ ಅವಧಿ ಅಕ್ಟೋಬರ್‌ನಲ್ಲಿ. ಹೊಸ ಪ್ರಮಾಣಪತ್ರಗಳು ಬರುವುದು ವಿಂಡೋಸ್ ಅಪ್‌ಡೇಟ್ ಮೂಲಕ. ಅಪ್‌ಡೇಟ್ ಇಲ್ಲದ ವಿಂಡೋಸ್ 10 ಎಂದಿನಂತೆ ಎದ್ದೇಳುತ್ತದೆ, ಹೆದರಬೇಕಿಲ್ಲ. ಆದರೆ ಬೂಟ್ ಹಂತದ ಲೋಪಗಳಿಗೆ ಮುಂದೆ ಬರುವ ರಿಪೇರಿ ಅದಕ್ಕೆ ದಕ್ಕುವುದಿಲ್ಲ. 2023ರಲ್ಲಿ ಇಸೆಟ್ ಸಂಶೋಧಕರು ಬಯಲಿಗೆಳೆದ ‘ಬ್ಲ್ಯಾಕ್‌ಲೋಟಸ್’ ಎಂಬ ಕಳ್ಳ ತಂತ್ರಾಂಶ ಈ ಹಂತದಲ್ಲೇ ನುಸುಳುತ್ತಿತ್ತು, ಆಂಟಿವೈರಸ್ ಕಣ್ಣು ಬಿಡುವ ಮೊದಲೇ.

ಆಂಟಿವೈರಸ್ ಇದೆಯಲ್ಲ ಎನ್ನುವವರಿಗೆ ಇದೇ ಉತ್ತರ. ವಿಂಡೋಸ್ 10ರ ಡಿಫೆಂಡರಿಗೆ ಹೊಸ ವೈರಸ್ ಗುರುತುಗಳು 2028ರ ಅಕ್ಟೋಬರ್‌ವರೆಗೆ ಬರುತ್ತವೆ, ನಿಜ. ಅದು ಗುರುತು ಸಿಕ್ಕ ಕಳ್ಳನನ್ನು ಹಿಡಿಯುತ್ತದೆ, ಲೋಪವನ್ನು ಮುಚ್ಚುವುದಿಲ್ಲ. ಕರ್ನಲ್ ಲೋಪದ ಮೂಲಕ ಯಜಮಾನನಾದವನು ಮೊದಲು ಮಾಡುವ ಕೆಲಸ ಡಿಫೆಂಡರಿನ ಬಾಯಿ ಮುಚ್ಚಿಸುವುದು. ಅಪ್‌ಡೇಟೇ ಯಂತ್ರ ಕೆಡಿಸುತ್ತದೆ ಎನ್ನುವವರ ಮಾತು ಪೂರ್ತಿ ಸುಳ್ಳಲ್ಲ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಕಂಪನಿಯ ಒಂದು ಕೆಟ್ಟ ಅಪ್‌ಡೇಟು ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳನ್ನು ಮಲಗಿಸಿತು, ನಮ್ಮ ವಿಮಾನ ನಿಲ್ದಾಣಗಳಲ್ಲಿ ಕೈಯಲ್ಲಿ ಬೋರ್ಡಿಂಗ್ ಪಾಸ್ ಬರೆದುಕೊಟ್ಟರು. ಕಾರಣ ಆ ದಿನವೇ ಗೊತ್ತಾಯಿತು, ಬಹುಪಾಲು ಯಂತ್ರಗಳು ಕೆಲವೇ ದಿನಗಳಲ್ಲಿ ಎದ್ದವು, ಯಾರ ಕಡತವೂ ಕಳ್ಳರ ಕೈ ಸೇರಲಿಲ್ಲ. ಎರಡು ಕೆಡುಕಿನಲ್ಲಿ ನಾನು ಇದನ್ನೇ ಆರಿಸಿಕೊಳ್ಳುತ್ತೇನೆ.

ಹಾಗೆಂದು ಎಲ್ಲರೂ ಹೊಸ ಯಂತ್ರ ಕೊಳ್ಳಲಿ ಎಂದರೆ ಅದು ಬೇರೊಂದು ಹಾನಿ. ಈ ಒಂದು ಬೆಂಬಲ ನಿಲುಗಡೆಯಿಂದ ಸುಮಾರು 24 ಕೋಟಿ ಕಂಪ್ಯೂಟರುಗಳು ಕಸವಾಗಬಹುದು ಎಂದು ಕ್ಯಾನಾಲಿಸ್ ಸಂಸ್ಥೆ 2023ರಲ್ಲೇ ಅಂದಾಜಿಸಿತ್ತು. 2022ರಲ್ಲಿ ಜಗತ್ತು ಹುಟ್ಟಿಸಿದ 6.2 ಕೋಟಿ ಟನ್ ಇ-ತ್ಯಾಜ್ಯದಲ್ಲಿ ಕ್ರಮಬದ್ಧವಾಗಿ ಮರುಬಳಕೆಗೆ ಹೋದ ದಾಖಲೆ ಇರುವುದು ಶೇ. 22.3ಕ್ಕೆ ಮಾತ್ರ. ಓಡುವ ಯಂತ್ರವನ್ನು ಚಿಪ್ ಒಂದರ ನೆಪದಲ್ಲಿ ಮೂಲೆಗೆ ತಳ್ಳಿದ್ದು ಅನ್ಯಾಯ ಎಂದು ದೂರುವವರ ಪಕ್ಷವೇ ನನ್ನದು.

ಈಗ ಮಾಡಬಹುದಾದದ್ದು ಇಷ್ಟು. ಸೆಟ್ಟಿಂಗ್ಸ್‌ನಲ್ಲಿ ‘ಎಬೌಟ್’ ತೆರೆದು ವಿಂಡೋಸ್ 10ರ 22ಎಚ್2 ಆವೃತ್ತಿ ಇದೆಯೇ ನೋಡಿ. ಇದ್ದರೆ ಅಪ್‌ಡೇಟ್ ಪುಟದಲ್ಲೇ ಇಎಸ್‌ಯುಗೆ ಹೆಸರು ಕೊಡಿ. ಅದಕ್ಕೆ ಬಳಸುವ ಮೈಕ್ರೋಸಾಫ್ಟ್ ಖಾತೆ ನಿಮ್ಮದೇ ಇರಲಿ. ವಿಂಡೋಸ್ 11 ಹಾಕಿಸುವವರಿಗೂ ಈ ಮಾತು ಅನ್ವಯಿಸುತ್ತದೆ, ಇನ್ನೂ ಗಟ್ಟಿಯಾಗಿ. 24ಎಚ್2 ಆವೃತ್ತಿಯಿಂದೀಚೆಗೆ ಹೊಸದಾಗಿ ಇನ್‌ಸ್ಟಾಲ್ ಮಾಡಿ ಮೈಕ್ರೋಸಾಫ್ಟ್ ಖಾತೆಯಿಂದ ಒಳಹೊಕ್ಕರೆ ಡಿಸ್ಕ್ ತಾನಾಗಿಯೇ ಗೂಢಲಿಪಿಗೊಳ್ಳುತ್ತದೆ. ಅದರ ರಿಕವರಿ ಕೀ ಆ ಖಾತೆಗೆ ಹೋಗಿ ಕೂರುತ್ತದೆ. ಅಂಗಡಿಯ ಹುಡುಗ ಬೇಗ ಮುಗಿಯಲೆಂದು ತನ್ನದೇ ಮೇಲ್ ಐಡಿ ಹಾಕಿ ಕೊಟ್ಟಿದ್ದರೆ, ಮುಂದೊಂದು ದಿನ ಯಂತ್ರ 48 ಅಂಕಿಯ ಕೀ ಕೇಳಿದಾಗ ನಿಮ್ಮ ಮಗಳ ಮದುವೆ ಫೋಟೋಗಳ ಬೀಗದ ಕೈ ಅವನ ಹತ್ತಿರ ಇರುತ್ತದೆ. ಅವನು ಅಷ್ಟರಲ್ಲಿ ಅಂಗಡಿ ಬಿಟ್ಟಿರುತ್ತಾನೆ.

ಹಳೆಯ ಯಂತ್ರಕ್ಕೆ ಲಿನಕ್ಸ್ ಹಾಕಿ ಎಂಬ ಸಲಹೆ ಬ್ರೌಸರ್, ಮೇಲ್, ಮಕ್ಕಳ ಓದು ಇಷ್ಟೇ ಇರುವ ಮನೆಗೆ ಸರಿಯಾದದ್ದು. ಮಿಂಟ್, ಜೋರಿನ್‌ನಂಥವು ವಿಂಡೋಸ್ ಕೈಗೆ ಹತ್ತಿದವರಿಗೆ ಕಷ್ಟವಾಗುವುದಿಲ್ಲ, ಯುನಿಕೋಡ್ ಕನ್ನಡಕ್ಕೆ ಕೀಲಿಮಣೆ ವಿನ್ಯಾಸವೂ ಅವುಗಳೊಳಗೇ ಇದೆ. ಕೇರಳದ ಸರ್ಕಾರಿ ಶಾಲೆಗಳು ಎಷ್ಟೋ ವರ್ಷದಿಂದ ಲಿನಕ್ಸಿನಲ್ಲೇ ಕಲಿಸುತ್ತಿವೆ. ತೆರಿಗೆ ಸಲಹೆಗಾರರಿಗೆ ಮಾತ್ರ ಇದನ್ನು ಹೇಳಲಾರೆ. ಟ್ಯಾಲಿ ವಿಂಡೋಸ್ ಬಿಟ್ಟು ಹೊರಬಂದಿಲ್ಲ. ಡಿಟಿಪಿಯವರಿಗೂ ಹೇಳಲಾರೆ. ಲಗ್ನಪತ್ರಿಕೆ, ಕರಪತ್ರ, ಸ್ಮರಣ ಸಂಚಿಕೆ ಎಂದು ಎರಡು ದಶಕದ ಕೆಲಸ ಯುನಿಕೋಡ್ ಅಲ್ಲದ ಹಳೆಯ ನುಡಿ, ಶ್ರೀಲಿಪಿ ಅಕ್ಷರಗಳಲ್ಲಿ, ಪೇಜ್‌ಮೇಕರ್ ಕಡತಗಳಲ್ಲಿ ಹೂತಿದೆ; ಪೇಜ್‌ಮೇಕರ್ ಲಿನಕ್ಸಿಗೆ ಬಂದದ್ದೇ ಇಲ್ಲ, ಅಡೋಬಿ ಅದನ್ನು ಕೈಬಿಟ್ಟು ಎಷ್ಟೋ ವರ್ಷವಾಯಿತು. ಅಂಥ ಅಂಗಡಿಯಲ್ಲಿ ಆ ಒಂದು ಯಂತ್ರದ ನೆಟ್‌ವರ್ಕ್ ವಯರನ್ನು ಕಿತ್ತು, ವೈಫೈ ಬಂದ್ ಮಾಡಿ, ಮೇಲ್ ಮತ್ತು ವಾಟ್ಸ್ಯಾಪ್ ಕೆಲಸವನ್ನು ಬೇರೆ ಯಂತ್ರಕ್ಕೋ ಮೊಬೈಲಿಗೋ ಹಾಕಿಕೊಳ್ಳುವುದೇ ದಾರಿ. ಪ್ರೆಸ್ಸಿಗೆ ಕಡತ ಒಯ್ಯುವ ಪೆನ್‌ಡ್ರೈವನ್ನು ಗಿರಾಕಿಗಳ ಪೆನ್‌ಡ್ರೈವಿನೊಂದಿಗೆ ಬೆರೆಸಬಾರದು. ಜೊತೆಗೆ ಆ ಹಾರ್ಡ್‌ಡಿಸ್ಕಿನ ಪೂರ್ತಿ ನಕಲೊಂದನ್ನು ಬೇರೆ ಡಿಸ್ಕಿಗೆ ತೆಗೆದು ಮನೆಯಲ್ಲಿಡಿ, ಏಕೆಂದರೆ ಇರುವ ಯಂತ್ರ ಕೆಟ್ಟರೆ ಆ ಕಡತಗಳನ್ನು ತೆರೆಯುವ ಇನ್ನೊಂದು ಯಂತ್ರ ಸಿಗುವುದು ವರ್ಷದಿಂದ ವರ್ಷಕ್ಕೆ ಕಷ್ಟವಾಗುತ್ತಿದೆ.